ಖಾಲಿ ಫ್ಲ್ಯಾಟಿನ ಕುಂಜ್ ಹಕ್ಕಿ

ಅವ್ವನ ಎರಡೂ ಕಿವಿ ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವಳು ತಟ್ಟನೆ ತಲೆ ಎತ್ತಿ, "ಮ್ಯಾಲೆ ಯಾರೋ ಮಾತಾಡಾಕತ್ತಾರ ನೋಡು" ಎಂದಳು.

ದೀಪಾವಳಿಯ ರಜೆ, ನಾನು ಮನೆಯಲ್ಲೇ ಇದ್ದೆ. ಅವಳು ಬಾಯಿಂದ ಹೇಳುತ್ತಾಳೆ, ನಾನು ಪಾಟಿಯ ಮೇಲೆ ಬರೆದು ತೋರಿಸುತ್ತೇನೆ. ನಮ್ಮಿಬ್ಬರ ಮಾತು ನಡೆಯುವುದು ಹೀಗೆ. 'ಮ್ಯಾಲೆ ಯಾರೂ ಇಲ್ಲ, ಮನಿ ಖಾಲಿ ಐತಿ' ಎಂದು ಬರೆದೆ. ಅವಳು ಓದಿ ಅಲ್ಲವೆಂದು ತಲೆಯಾಡಿಸಿದಳು.

"ಮ್ಯಾಲಿನ ಮನ್ಯಾಗಲ್ಲ. ಅದಕ್ಕೂ ಮ್ಯಾಲೆ."

ನಾನು ಕಿವಿಗೊಟ್ಟೆ. ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕೊಯ್ಯುವ ಸದ್ದು, ಕೆಳಗಿನ ಯಾವುದೋ ಮನೆಯ ಕುಕ್ಕರಿನ ಸೀಟಿ, ಅಷ್ಟೇ. ವಯಸ್ಸಾದವರಿಗೆ ತಲೆಯೊಳಗೇ ಸದ್ದು ಹುಟ್ಟುತ್ತದೆ ಎಂದು ಕಿವಿ ಡಾಕ್ಟರು ಮೊದಲೇ ಹೇಳಿದ್ದರು. ನಾನು ಒಳಗೆ ಹೋಗಿ ಚಹಾಕ್ಕಿಟ್ಟೆ. ಚಹಾ ಕುದಿಸಿ, ಸೋಸಿ, ಎರಡು ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ನನಗೂ ಕೇಳಿಸಿತು. ದೂರದ ಸಂತೆಯಲ್ಲಿ ಬಹಳ ಜನ ಒಟ್ಟಿಗೆ ಮಾತಾಡಿದ ಹಾಗೆ, ಒಂದು ಮಾತೂ ಬಿಡಿಯಾಗಿ ತಿಳಿಯದ ಹಾಗೆ. ತಲೆ ಎತ್ತಿದರೆ ಉತ್ತರದ ಕಡೆಯಿಂದ ಒಂದು ಉದ್ದನೆಯ ಗೆರೆ ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ಹಕ್ಕಿಗಳು. ಅಷ್ಟು ಎತ್ತರದಲ್ಲಿದ್ದವೆಂದರೆ ರೆಕ್ಕೆ ಬಡಿಯುವುದು ಕಾಣುತ್ತಿರಲಿಲ್ಲ.

ಅವ್ವ ನನ್ನ ಮುಖ ನೋಡಿ, "ನಾ ಹೇಳಲಿಲ್ಲ?" ಎಂದಳು.

ನನಗೆ ಚಹಾ ಕುಡಿಯಲು ಮನಸ್ಸಾಗಲಿಲ್ಲ.

ನಾವಿದ್ದ ಕಟ್ಟಡದ ಬಗ್ಗೆ ಹೇಳಬೇಕು. ನನ್ನ ವಿಮಾ ಕಚೇರಿ ನವರಂಗಪುರದಲ್ಲಿ. ಹುಬ್ಬಳ್ಳಿಯಿಂದ ಈ ಗುಜರಾತಿ ಊರಿಗೆ ವರ್ಗವಾಗಿ ಬಂದಾಗ ಮೊದಲು ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಮನೆ ಹಿಡಿದಿದ್ದೆ. ಆಮೇಲೆ ಅವ್ವನಿಗೆ ಗಾಳಿ ಬೆಳಕು ಸಿಗಲಿ ಎಂದು ಬೋಪಲ್ ದಾಟಿ, ಊರು ಮುಗಿದು ಗೋಧಿ, ಔಡಲದ ಹೊಲಗಳು ಶುರುವಾಗುವಲ್ಲಿಗೆ ಬಂದೆವು. ಹೊಸ ಕಟ್ಟಡ, ಹನ್ನೆರಡು ಮಹಡಿ. ಅರ್ಧಕ್ಕರ್ಧ ಮನೆಗಳಲ್ಲಿ ಯಾರೂ ಇರಲಿಲ್ಲ. ಕೊಂಡವರು ವಿದೇಶದಲ್ಲೋ ಸೂರತ್ತಿನಲ್ಲೋ ಇದ್ದುಕೊಂಡು ಬೀಗ ಹಾಕಿಟ್ಟಿದ್ದರು. ಲಿಫ್ಟು ಕೆಲವೊಮ್ಮೆ ಯಾರೂ ಒತ್ತದೆ ಖಾಲಿ ಮಹಡಿಯಲ್ಲಿ ನಿಂತು, ಬಾಗಿಲು ತೆರೆದು, ಮುಚ್ಚಿಕೊಳ್ಳುತ್ತಿತ್ತು. ನಾವು ಹನ್ನೊಂದನೆಯ ಮಹಡಿಯಲ್ಲಿದ್ದೆವು. ನಮ್ಮ ತಲೆಯ ಮೇಲಿನದು ಅಂಥದೇ ಒಂದು ಬೀಗದ ಮನೆ.

ಗೇಟಿನಲ್ಲಿ ಹಗಲು ಕಾವಲಿದ್ದವರು ನೇಪಾಳದವರು. ಐವತ್ತೈದರ ಆಸುಪಾಸು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಅವರು ಅವ್ವನನ್ನು ತಮ್ಮ ಭಾಷೆಯಲ್ಲಿ 'ಆಮಾ' ಎಂದು ಕರೆದು, ಅವಳಿಗೆ ಕೇಳಿಸದೆಂದು ಗೊತ್ತಿದ್ದೂ ದಿನಾ ನಮಸ್ಕಾರ ಹೇಳುತ್ತಿದ್ದರು. ಮರುದಿನ ಕೆಳಗಿಳಿದಾಗ ಹಕ್ಕಿಗಳು ಮತ್ತೆ ಹೋಗುತ್ತಿದ್ದವು. ವಾಕಿಂಗಿಗೆ ಬಂದವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು. ಕಾಕಾ ಮಾತ್ರ ತಮ್ಮ ಕ್ಯಾಬಿನ್ನಿನೊಳಗೆ ಹೋಗಿ, ಕಿಟಕಿಯ ಗಾಜು ಎಳೆದುಕೊಂಡು, ನೆಲ ನೋಡುತ್ತ ಕೂತಿದ್ದರು. ಸದ್ದು ದಾಟಿ ಹೋದ ಮೇಲೆ ಹೊರಗೆ ಬಂದರು.

"ಯಾವ ಹಕ್ಕಿ ಕಾಕಾ ಅವು?" ಎಂದು ಹಿಂದಿಯಲ್ಲಿ ಕೇಳಿದೆ.

"ಇಲ್ಲಿನವರು ಕುಂಜ್ ಅಂತಾರೆ. ನಮ್ಮಲ್ಲಿ ಕರ್ಯಾಂಗ್‌ಕುರುಂಗ್" ಎಂದರು. "ನಮ್ಮೂರ ಮೇಲಿಂದಲೇ ಬರ್ತಾವೆ, ಮೇಡಂ. ಹಿಮದ ಬೆಟ್ಟ ದಾಟಿ." ಅಷ್ಟು ಹೇಳಿ ಯಾವುದೋ ಕಾರಿಗೆ ಗೇಟು ತೆರೆಯಲು ಹೋದರು. ಕಾರು ಬಂದಿರಲಿಲ್ಲ.

ಜನವರಿಯಲ್ಲಿ ಉತ್ತರಾಯಣ, ಗಾಳಿಪಟದ ಹಬ್ಬ, ಬಂತು. ಆ ಎರಡು ದಿನ ಈ ಊರಿನಲ್ಲಿ ಯಾರೂ ಮನೆಯೊಳಗೆ ಇರುವುದಿಲ್ಲ. ನಮ್ಮ ತಾರಸಿಯ ಮೇಲೂ ಸ್ಪೀಕರು, ಉಂಧಿಯು ಪಲ್ಯ, ಜಿಲೇಬಿ, ಗಾಜು ಸವರಿದ ದಾರದ ಉಂಡೆಗಳು. ಆಕಾಶದಲ್ಲಿ ಗಾಳಿಪಟ ಎಷ್ಟಿದ್ದವೆಂದರೆ ನೀಲಿ ಕಾಣುವುದಕ್ಕೆ ಜಾಗವಿರಲಿಲ್ಲ. ಅವ್ವನನ್ನು ನೀರಿನ ಟ್ಯಾಂಕಿನ ನೆರಳಲ್ಲಿ ಕೂರಿಸಿದ್ದೆ. ಸಂಜೆ ನಾಲ್ಕರ ಹೊತ್ತಿಗೆ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಅಷ್ಟು ದೊಡ್ಡ ಸ್ಪೀಕರಿನ ಪಕ್ಕದಲ್ಲಿ ಬೆಳಗಿನಿಂದ ಆರಾಮಾಗಿ ಕಬ್ಬು ತಿನ್ನುತ್ತ ಕೂತಿದ್ದವಳು! ನಾನು ಏನಾಯಿತೆಂದು ಬಗ್ಗಿ ಕೇಳುವಷ್ಟರಲ್ಲಿ, ಗಾಳಿಪಟಗಳ ನಡುವಿನಿಂದ ಬೂದು ಬಣ್ಣದ ಏನೋ ತಿರುತಿರುಗಿ ಬಂದು ಟ್ಯಾಂಕಿನ ಸಿಮೆಂಟಿಗೆ ಬಡಿದು ಬಿತ್ತು.

ಎಲ್ಲರೂ ಹಿಂದೆ ಸರಿದರು. ಯಾರೋ ಸ್ಪೀಕರು ಆರಿಸಿದರು. ಅದು ಎದ್ದು ನಿಂತಿತು. ನನ್ನ ಸೊಂಟದಷ್ಟೆತ್ತರ. ಕಪ್ಪು ಕತ್ತು, ಕಣ್ಣಿನ ಹಿಂದೆ ಬೆಳ್ಳನೆಯ ಗರಿಯ ಕುಚ್ಚು, ಕೆಂಪು ಕಣ್ಣು. ಒಂದು ರೆಕ್ಕೆ ಜೋತುಬಿದ್ದಿತ್ತು. ದಾರ ಅದರೊಳಗೆ ಎಷ್ಟು ಆಳ ಹೋಗಿತ್ತೆಂದರೆ ಹೊರಗೆ ಕಾಣುತ್ತಿದ್ದದ್ದು ರಕ್ತದ ಗೆರೆ ಮಾತ್ರ. ಅದು ಕೂಗಲಿಲ್ಲ. ನಮ್ಮ ಕಡೆಗೆ ನೋಡಲೂ ಇಲ್ಲ. ಮೇಲೆ ನೋಡಿತು. ಮೇಲೆ, ಗಾಳಿಪಟಗಳಿಗೂ ಮೇಲೆ, ಇನ್ನೊಂದು ಸುತ್ತುತ್ತಿತ್ತು.

ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಅವ್ವ ಎದ್ದು ಹೋಗಿ ಹೊದ್ದಿದ್ದ ಶಾಲನ್ನು ಅದರ ಮೇಲೆ ಹಾಕಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಳು.

ಪಕ್ಷಿಗಳ ಆರೈಕೆ ಮಾಡುವವರ ನಂಬರು ಸಿಗಲು ಬಹಳ ಹೊತ್ತು ಹಿಡಿಯಿತು. ಮರುದಿನ ಮುಂಜಾನೆ ಒಬ್ಬ ಪಶುವೈದ್ಯೆ ಬಂದಳು, ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟ ಕಣ್ಣು. ದಾರ ಬಿಡಿಸಿ, ಹೊಲಿಗೆ ಹಾಕಿ, ರೆಕ್ಕೆಯನ್ನು ಮೈಗೆ ಕಟ್ಟಿದಳು. "ಬದುಕುತ್ತೆ. ಆದರೆ ನಮ್ಮ ಕೇಂದ್ರದಲ್ಲಿ ಕಾಲಿಡೋಕೆ ಜಾಗ ಇಲ್ಲ. ಅರಣ್ಯ ಇಲಾಖೆಯವರ ಹತ್ತಿರ ನಾನು ಮಾತಾಡಿ ಅನುಮತಿ ಚೀಟಿ ತರ್ತೀನಿ. ಐದಾರು ವಾರ ಒಂದು ಖಾಲಿ ಕೋಣೆ ಸಿಗುತ್ತಾ? ಜನ ಓಡಾಡಬಾರದು" ಎಂದಳು.

ಖಾಲಿ ಕೋಣೆಗೆ ನಮ್ಮ ಕಟ್ಟಡದಲ್ಲಿ ಏನು ಬರ? ಸೊಸೈಟಿಯ ಕಾರ್ಯದರ್ಶಿ ಮೇಲಿನ ಫ್ಲ್ಯಾಟಿನ ಮಾಲೀಕರಿಗೆ ಫೋನು ಮಾಡಿ ಒಪ್ಪಿಸಿದರು. ಹೀಗೆ ಕುಂಜ್ ನಮ್ಮ ತಲೆಯ ಮೇಲಿನ ಮನೆಗೆ ಬಂತು. ಸಾಮಾನು ಏನೂ ಇಲ್ಲದ ಹಾಲು, ಬಿಳಿ ಟೈಲ್ಸು, ಪರದೆಯಿಲ್ಲದ ಕಿಟಕಿ. ಒಂದು ಪರಾತದಲ್ಲಿ ನೀರು, ಇನ್ನೊಂದರಲ್ಲಿ ಗೋಧಿ ಮತ್ತು ಶೇಂಗಾ.

ಅಂದಿನಿಂದ ಮೇಲೆ ನಡೆಯುವ ಸದ್ದು. ಟಕ್, ಟಕ್, ಟಕ್. ತಡೆದು, ಮತ್ತೆ ಟಕ್, ಟಕ್. ಹಕ್ಕಿಯದೆಂದು ಗೊತ್ತಿತ್ತು. ಆದರೂ ನಾನು ಅಡುಗೆ ಮಾಡುತ್ತಿರುವಾಗ ಅದು ಒಲೆಯ ನೇರಕ್ಕೆ ಬಂದು ನಿಂತರೆ, ಸೌಟು ತಿರುವುವುದನ್ನು ನಿಲ್ಲಿಸುತ್ತಿದ್ದೆ. ನಾನು ಕೋಣೆಯಿಂದ ಕೋಣೆಗೆ ಹೋದರೆ ಮೇಲೆ ಅದೂ ಹೋಗುತ್ತಿತ್ತು. ಒಂದೆರಡು ಸಲ ಬೇಕೆಂದೇ ಪರೀಕ್ಷಿಸಿದೆ, ಆಮೇಲೆ ಪರೀಕ್ಷಿಸುವುದನ್ನು ಬಿಟ್ಟೆ.

ದಿನಾ ನಾಲ್ಕರ ಹೊತ್ತಿಗೆ ಇನ್ನೊಂದು ಬರುತ್ತಿತ್ತು. ಒಂಟಿ ಹಕ್ಕಿ, ನೇರ ನಮ್ಮ ಕಟ್ಟಡದ ಮೇಲೆ ಸುತ್ತು ಹಾಕುತ್ತ ಕೂಗುತ್ತಿತ್ತು. ಒಳಗಿನದು ಉತ್ತರ ಕೊಡುತ್ತಿತ್ತು. ಖಾಲಿ ಮನೆಯ ಗೋಡೆಗಳಲ್ಲಿ ಆ ಕೂಗು ದೊಡ್ಡದಾಗಿ, ಲಿಫ್ಟಿನ ಬಾವಿಯಲ್ಲಿಳಿದು, ಎಲ್ಲ ಮಹಡಿಗಳಲ್ಲೂ ಬಾಗಿಲ ಹಿಂದಿನಿಂದ ಬಂದ ಹಾಗೆ ಕೇಳುತ್ತಿತ್ತು. ಜನರಿಗೆ ಕಸಿವಿಸಿಯಾಯಿತು. ಮೂರನೆಯ ಮಹಡಿಯವರು ಮಕ್ಕಳನ್ನು ನಾಲ್ಕು ಗಂಟೆಗೆ ಆಟಕ್ಕೆ ಬಿಡುವುದನ್ನು ನಿಲ್ಲಿಸಿದರು. ಕಾರ್ಯದರ್ಶಿ ಒಂದು ದಿನ ಲಿಫ್ಟಿನಲ್ಲಿ ಸಿಕ್ಕವರು, "ಬೆಹನ್, ನಾನೇನೂ ಇಂಥದ್ದೆಲ್ಲ ನಂಬೋನಲ್ಲ. ಆದರೆ ನಮ್ಮ ಮನೆಯವಳು ಪೂಜೆ ಕೋಣೆ ಬಾಗಿಲು ಹಾಕ್ಕೊಂಡು ಕೂತಿರ್ತಾಳೆ. ಎಷ್ಟು ದಿನ ಇನ್ನೂ?" ಎಂದು ಕೇಳಿದರು. ನಾನು ಪಶುವೈದ್ಯೆ ಹೇಳಿದ ಲೆಕ್ಕ ಹೇಳಿದೆ. ಅವರು ನಿಟ್ಟುಸಿರುಬಿಟ್ಟು ಇಳಿದುಹೋದರು.

ಅವ್ವ ಮಾತ್ರ ಊಟವಾದ ಕೂಡಲೇ ಮೇಲೆ ಹೋಗಿಬಿಡುತ್ತಿದ್ದಳು. ಒಂದು ಶನಿವಾರ ಮಧ್ಯಾಹ್ನ ಮೂರೂವರೆಗೆ ಮನೆಗೆ ಬಂದೆ. ಅವಳು ಇರಲಿಲ್ಲ. ಮೇಲೆ ಹೋಗಿ ಬಾಗಿಲು ಸದ್ದಾಗದಂತೆ ತಳ್ಳಿದೆ. ಅವ್ವ ಬರಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳಿಂದ ಎರಡು ಮಾರು ದೂರದಲ್ಲಿ ಹಕ್ಕಿ ನಿಂತಿತ್ತು. ಇಬ್ಬರೂ ತಲೆಯನ್ನು ಒಂದೇ ಪಕ್ಕಕ್ಕೆ ಓರೆ ಮಾಡಿ, ಕಿಟಕಿಯ ಕಡೆ ಕಿವಿಯಿಟ್ಟು, ಅಲುಗಾಡದೆ ಇದ್ದರು. ಎಲ್ಲೂ ಏನೂ ಸದ್ದಿರಲಿಲ್ಲ. ನಾನು ಹೊಸ್ತಿಲಲ್ಲೇ ನಿಂತೆ. ಬಹಳ ಹೊತ್ತಾದ ಮೇಲೆ ಹೊರಗಿನ ಹಕ್ಕಿಯ ಕೂಗು ಬಲು ದೂರದಿಂದ, ನೂಲಿನೆಳೆಯಷ್ಟು ತೆಳ್ಳಗೆ ಬಂತು.

ಅಷ್ಟರಲ್ಲಿ ಕಾಕಾ ಗೋಧಿಯ ಡಬ್ಬಿ ಹಿಡಿದು ಬಂದರು. ಅವರು ಒಳಗೆ ಬರುತ್ತಿರಲಿಲ್ಲ; ಕಾಳನ್ನು ಹೊಸ್ತಿಲಲ್ಲಿಟ್ಟು ಹೋಗುವುದು ರೂಢಿ. ಅವ್ವ ನನ್ನನ್ನು ಕಂಡು ಕೈಸನ್ನೆ ಮಾಡಿ ಕರೆದಳು.

"ಒಂದು ಒಳಗಿಂದು. ಒಂದು ಹೊರಗಿಂದು. ಎರಡೂ ತಿಳೀತಾವ" ಎಂದಳು. "ನಡುವ ಇನ್ನೊಂದು ಐತಿ ನೋಡು. ಹೆಣ್ಣುಮಗಳ ಧ್ವನಿ. ಸಣ್ಣಾಕಿ. ಯಾರನ್ನೋ ಕರಿಯಾಕತ್ತಾಳ."

ಪಾಟಿ ಕೆಳಗಿನ ಮನೆಯಲ್ಲಿತ್ತು. ನಾನು 'ಏನಂತ?' ಎಂದು ಕೈಯಲ್ಲೇ ಕೇಳಿದೆ.

ಅವ್ವ ತುಸು ಯೋಚಿಸಿ, ತುಟಿಯನ್ನು ಹೊಂದಿಸಿಕೊಂಡು, "ಕಾಂಛಾ ಅಂದಂಗ" ಎಂದಳು.

ಡಬ್ಬಿ ಬಿದ್ದು ಗೋಧಿ ಹೊಸ್ತಿಲ ತುಂಬ ಚೆಲ್ಲಿತು. ಹಕ್ಕಿ ಬೆಚ್ಚಲಿಲ್ಲ. ಕಾಕಾ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಅವ್ವನ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ. ಆ ಒಂದು ಪದ ತಿಳಿದಿತ್ತು. ನೇಪಾಳಿಯಲ್ಲಿ ಮನೆಯ ಎಲ್ಲರಿಗಿಂತ ಕಿರಿಯ ಹುಡುಗನನ್ನು ಹಾಗೆ ಕರೆಯುತ್ತಾರಂತೆ.

ಅವ್ವನಿಗೆ ಆ ಪದ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಿವಿ ಚೆನ್ನಾಗಿದ್ದ ಕಾಲದಲ್ಲಿ ಎಲ್ಲೋ ಕೇಳಿದ್ದಿರಬಹುದು. ಕುಂಜ್ ಹಕ್ಕಿಯ ಕೂಗಿಗೆ ಯಾವ ಪದ ಹೊಂದಿಸಿದರೂ ಹೊಂದುತ್ತದೆ. ಇದನ್ನೆಲ್ಲ ಕಾಕಾನಿಗೂ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರು ಮೆಟ್ಟಿಲ ಮೇಲೆ ಕೂತು ಹಿಂದಿಯಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಅವರ ಊರು ಎರಡು ಮಹಾ ಪರ್ವತಗಳ ನಡುವಿನ ಕಣಿವೆಯಲ್ಲಿದೆ. ನಡುವೆ ಅಗಲವಾದ ಕಲ್ಲುಹೊಳೆ. ದಸರೆ ಮುಗಿಯುವ ಹೊತ್ತಿಗೆ ಉತ್ತರದಿಂದ ಕುಂಜ್ ಹಕ್ಕಿಗಳು ಸಾವಿರ ಸಾವಿರ ಬಂದು ಹೊಳೆಯ ಕಲ್ಲಿನ ಮೇಲೆ ಇಳಿಯುತ್ತವೆ. ಮುಂದೆ ಹಿಮದ ಗೋಡೆ. ಬೆಳಿಗ್ಗೆ ಬಿಸಿಲಿಗೆ ಕಲ್ಲು ಕಾದು ಗಾಳಿ ಮೇಲೇಳತೊಡಗಿದಾಗ ಅವೂ ಅದರೊಂದಿಗೆ ಸುತ್ತುತ್ತ ಏರುತ್ತವೆ, ಶಿಖರದ ಮಟ್ಟಕ್ಕೆ ಬಂದ ಮೇಲೆ ದಾಟುತ್ತವೆ. ಮೇಲಿನ ಗಾಳಿ ಕೆಟ್ಟಿದ್ದರೆ ಇಡೀ ಹಿಂಡು ತಿರುಗಿ ಕೆಳಗಿಳಿಯುತ್ತದೆ. ಹಕ್ಕಿ ತಿರುಗಿದ ದಿನ ಊರಿನವರು ಯಾರೂ ಬೆಟ್ಟ ಹತ್ತುವುದಿಲ್ಲ.

ಆಗ ಅವರಿಗೆ ಹನ್ನೊಂದು ವರ್ಷ, ಅಕ್ಕನಿಗೆ ಹದಿನಾರು. ಮೇಲಿನ ಹುಲ್ಲುಗಾವಲಿನಿಂದ ಮೇಕೆಗಳನ್ನು ಇಳಿಸಿ ತರುವ ಸರದಿ ಆ ದಿನ ಕಾಕಾ ಅವರದು. ಬೆಳಿಗ್ಗೆ ಹೊಳೆಗೆ ಹೋದವರು ಹಕ್ಕಿಗಳು ಏರಿ, ತಿರುಗಿ ಬಂದದ್ದನ್ನು ನೋಡಿದರು. ಮತ್ತೊಮ್ಮೆ ಏರಿದವು, ಮತ್ತೊಮ್ಮೆ ತಿರುಗಿದವು. ಬೇರೆ ಯಾರೂ ಅಷ್ಟು ಹೊತ್ತಿಗೆ ಎದ್ದಿರಲಿಲ್ಲ. ಹೆದರಿ ಮನೆಗೆ ಬಂದು, ಹೊಟ್ಟೆನೋವೆಂದು ಕಂಬಳಿ ಹೊದ್ದು ಮಲಗಿದರು. ಹಕ್ಕಿಯ ವಿಷಯ ಹೇಳಲಿಲ್ಲ. ಹೇಳಿದರೆ ನೆಪ ಹೂಡುತ್ತಾನೆಂದು ಬೈಯುತ್ತಾರೆ ಎಂದುಕೊಂಡರು. ಅಕ್ಕ ಅವರ ಬದಲಿಗೆ ಹೊರಟಳು.

ಮಧ್ಯಾಹ್ನದಿಂದ ಹಿಮ ಬಿತ್ತು. ಮೋಡ ಮನೆಗಳ ಮಾಡಿನವರೆಗೆ ಇಳಿದು ಮೂರು ದಿನ ಏಳಲಿಲ್ಲ. ಆ ಮೋಡದೊಳಗೆ ಇಳಿಯಲು ಜಾಗ ಕಾಣದ ಹಕ್ಕಿಗಳು ಸುತ್ತುತ್ತ ಕೂಗುತ್ತಿದ್ದವು. ಅವರ ತಾಯಿ ಮೂರು ದಿನವೂ ಅಂಗಳದಲ್ಲಿ ನಿಂತು, "ಅವಳ ಧ್ವನಿಯೂ ಇದೆ, ಕೇಳಿ, ಅವಳ ಧ್ವನಿಯೂ ಇದೆ" ಎನ್ನುತ್ತಿದ್ದರು. ನಾಲ್ಕನೆಯ ದಿನ ಮೋಡ ಎದ್ದಿತು. ಹಕ್ಕಿಗಳಿರಲಿಲ್ಲ. ಮೇಕೆಗಳು ತಾವಾಗಿಯೇ ಇಳಿದು ಬಂದವು.

"ನಾನು ನೋಡಿದ್ದೆ ಅಂತ ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ ಮೇಡಂ" ಎಂದರು ಕಾಕಾ. "ಅಪ್ಪ ಸತ್ತಾಗ ಹೋಗಿದ್ದೆ. ಹದಿನಾಲ್ಕು ವರ್ಷ ಆಯ್ತು. ಆಮೇಲೆ ಹೋಗಿಲ್ಲ. ಇಲ್ಲಿಗೆ ಬಂದರೆ, ಇಲ್ಲಿಗೂ ಅವೇ ಬರ್ತಾವೆ."

ಅವರ ಬಲಗೈ ಹೆಬ್ಬೆರಳು ಮಾತಾಡುವಷ್ಟು ಹೊತ್ತೂ ಒಂದು ಗೋಧಿಕಾಳನ್ನು ಉಜ್ಜುತ್ತಿತ್ತು. ಒಳಗೆ ಅವ್ವ ನೆಲದ ಮೇಲಿನ ಕಾಳುಗಳನ್ನು ಒಟ್ಟುಮಾಡುತ್ತಿದ್ದಳು. ಏನಾಯಿತೆಂದು ಅವಳು ಕೇಳಲಿಲ್ಲ. ನಾನೂ ಬರೆದು ತೋರಿಸಲಿಲ್ಲ.

ಫೆಬ್ರವರಿ ಕೊನೆಗೆ ಹೊರಗಿನ ಹಕ್ಕಿ ಬರುವುದು ನಿಂತಿತು. ಮೊದಲ ದಿನ ನಾಲ್ಕು ಗಂಟೆಗೆ ಇಡೀ ಕಟ್ಟಡವೇ ಕಾದಿತ್ತೆಂದು ನನ್ನ ಭಾವನೆ. ಬಾಲ್ಕನಿಗಳಲ್ಲಿ ಜನ ಬಟ್ಟೆ ಒಣಗಿಸುವ ನೆಪದಲ್ಲಿ ನಿಂತಿದ್ದರು. ಏನೂ ಬರಲಿಲ್ಲ. ಕೂಗು ಇದ್ದಾಗಿನ ಹೆದರಿಕೆಗಿಂತ ಆ ಸುಮ್ಮನಿರುವಿಕೆ ಕೆಟ್ಟದಾಗಿತ್ತು. ಕಾರ್ಯದರ್ಶಿಯ ಹೆಂಡತಿ ತಾವಾಗಿ ಬಂದು, "ಅದಕ್ಕೆ ಏನಾದರೂ ಆಯಿತೇ?" ಎಂದು ನನ್ನನ್ನು ಕೇಳಿದರು.

ಒಳಗಿನ ಹಕ್ಕಿ ಬದಲಾಯಿತು. ದಿನವಿಡೀ ದಕ್ಷಿಣದ ಗೋಡೆಯಿಂದ ಉತ್ತರದ ಗೋಡೆಗೆ ನಡೆಯುವುದು, ಅಲ್ಲಿ ಕೊಕ್ಕು ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲುವುದು, ಮತ್ತೆ ಹಿಂದೆ ಹೋಗಿ ಅಲ್ಲಿಂದ ಬರುವುದು. ಆ ಗೋಡೆಗೆ ಕಿಟಕಿಯಿಲ್ಲ. ಟೈಲ್ಸಿನ ಮೇಲೆ ಅದರ ಕಾಲಿನ ಗುರುತು ಒಂದೇ ಸಾಲಾಗಿ ಮಾಸಲು ಗೆರೆಯಾಗಿತ್ತು. ಪಶುವೈದ್ಯೆ ಬಂದವಳು ನೋಡಿ, "ಹೊರಡೋ ಕಾಲ ಬಂದಿದೆ ಅಂತ ಗೊತ್ತಾಗಿದೆ" ಎಂದಳು. ಕಟ್ಟು ಬಿಚ್ಚಿ ರೆಕ್ಕೆ ಚಾಚಿಸಿ ನೋಡಿದಳು. ಕೋಣೆಯಲ್ಲಿ ಅದು ರೆಕ್ಕೆ ಬಡಿದಾಗ ನನ್ನ ಮುಖಕ್ಕೆ ಗಾಳಿ ಹೊಡೆಯಿತು. "ಈ ವಾರವೇ ಬಿಡೋಣ. ಹಿಂಡು ಇನ್ನೂ ಸಾಣಂದ್ ಕಡೆ ಕೆರೆಯಲ್ಲಿದೆ. ತಡವಾದರೆ ಒಂಟಿಯಾಗುತ್ತೆ."

"ಹೊರಗಿನದು?" ಎಂದು ಕೇಳಿದೆ.

ಅವಳು ಭುಜ ಕುಣಿಸಿದಳು. "ಹೇಳೋಕಾಗಲ್ಲ ಅಕ್ಕಾ."

ಬೆಳಗಿನ ಜಾವ ಹೊರಟೆವು. ಪಶುವೈದ್ಯೆ ತಂದ ವ್ಯಾನಿನಲ್ಲಿ ನಾನು, ಅವ್ವ, ಗೋಣಿ ಹೊದಿಸಿದ ಪಂಜರ. ಗೇಟಿನಲ್ಲಿ ಕಾಕಾ ವ್ಯಾನಿನ ಬಾಗಿಲು ಮುಚ್ಚಲು ಬಂದವರು ಮುಚ್ಚದೆ ನಿಂತರು. ಸಮವಸ್ತ್ರದ ಟೋಪಿ ತೆಗೆದು ಕ್ಯಾಬಿನ್ನಿನ ಮೇಜಿನ ಮೇಲಿಟ್ಟು ಬಂದು ಪಂಜರದ ಪಕ್ಕದಲ್ಲಿ ಕೂತರು.

ಕೆರೆಯ ಮೇಲೆ ಮಂಜಿತ್ತು. ಆಚೆ ದಡ ಕಾಣಲಿಲ್ಲ. ಮಂಜಿನೊಳಗಿಂದ ಆ ಸಂತೆಯ ಸದ್ದು. ಎಷ್ಟು ಹಕ್ಕಿಗಳಿದ್ದವೋ, ಎಲ್ಲಿದ್ದವೋ, ತಿಳಿಯುವಂತಿರಲಿಲ್ಲ. ಎಡಕ್ಕೆ ತಿರುಗಿದರೆ ಎಡದಿಂದ, ಬಲಕ್ಕೆ ತಿರುಗಿದರೆ ಬಲದಿಂದ ಬರುತ್ತಿತ್ತು. ಒಣಗಿದ ಕೆಸರಿನ ಮೇಲೆ ಪಂಜರ ಇಳಿಸಿ ಬಾಗಿಲು ತೆರೆದೆವು. ಕುಂಜ್ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದು ನಿಂತಿತು. ಅದು ಮಂಜಿನ ಕಡೆ ನೋಡಿತು, ಹೋಗಲಿಲ್ಲ. ಕೂಗಲೂ ಇಲ್ಲ. ಹೀಗೆ ಬಹಳ ಹೊತ್ತು ಕಳೆಯಿತು. ಪಶುವೈದ್ಯೆ ಗಡಿಯಾರ ನೋಡಿಕೊಂಡಳು.

"ತನ್ನ ದನಿ ಮರ್ತೈತಿ ಅದು" ಎಂದಳು ಅವ್ವ.

ಆಗ ಕಾಕಾ ನಮ್ಮನ್ನು ದಾಟಿ ಮುಂದೆ ಹೋದರು. ಎರಡೂ ಅಂಗೈ ಬಾಯಿಗೆ ಕೂಡಿಸಿ, ತಲೆ ಹಿಂದಕ್ಕೆ ಚೆಲ್ಲಿ, ಕೂಗಿದರು. ಮನುಷ್ಯರ ಗಂಟಲಿನಿಂದ ಅಂಥ ಸದ್ದು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಕಣಿವೆಯ ಮಕ್ಕಳೆಲ್ಲ ಕಲಿಯುವ ಕೂಗಂತೆ ಅದು. ಮಂಜಿನೊಳಗಿನ ಸದ್ದು ಒಂದೇ ಏಟಿಗೆ ನಿಂತಿತು. ಪೂರ್ತಿ ನಿಂತಿತು. ನೀರು ದಡಕ್ಕೆ ತಾಗುವುದು ಕೇಳಿಸಿತು. ಸಾವಿರ ಹಕ್ಕಿಗಳು ನಮಗೆ ಕಾಣದಲ್ಲಿ ನಿಂತು ನಮ್ಮ ಕಡೆ ಕಿವಿಗೊಟ್ಟಿದ್ದವು.

ಕಾಕಾ ಇನ್ನೊಮ್ಮೆ ಕೂಗಿದರು. ಈ ಸಲ ಕೊನೆಗೆ ಒಂದು ಪದವಿತ್ತು. 'ದೀದೀ' ಎಂದಿರಬೇಕು.

ಮಂಜಿನಿಂದ ಒಂದು ಹಕ್ಕಿ ನಡೆದು ಬಂತು. ಒಂದೇ. ಅವಸರವಿಲ್ಲದೆ, ಒಂದೊಂದು ಕಾಲನ್ನೂ ಎತ್ತಿಟ್ಟು ಬಂದು, ಕಾಕಾನಿಂದ ಹತ್ತು ಮಾರು ದೂರದಲ್ಲಿ ನಿಂತು ಅವರನ್ನು ನೋಡಿತು. ನಮ್ಮ ಕುಂಜ್ ಆಗ ಕತ್ತು ಚಾಚಿ ಕೂಗಿತು. ಬಂದ ಹಕ್ಕಿ ಕೂಗಿತು. ನಮ್ಮದು ಅದರ ಕಡೆ ನಡೆಯಿತು, ಆಮೇಲೆ ಓಡಿತು, ರೆಕ್ಕೆ ಬಿಚ್ಚಿತು. ಎರಡೂ ಮಂಜಿನೊಳಗೆ ಹೋದವು. ಸಂತೆಯ ಸದ್ದು ಮತ್ತೆ ಶುರುವಾಯಿತು.

ಬಿಸಿಲೇರಿ ಮಂಜು ಕರಗಿದಾಗ ಹಿಂಡು ಎದ್ದಿತು. ಸುತ್ತುತ್ತ, ಸುತ್ತುತ್ತ ಏರಿತು. ಕಾಕಾ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಅವರು ಈ ಹಕ್ಕಿಗಳನ್ನು ತಲೆಯೆತ್ತಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಿರುಗಿ ಇಳಿದರೆ ಗತಿಯೇನು ಎಂದು ನಾನೂ ಕಣ್ಣು ಕೀಳದೆ ನೋಡುತ್ತಿದ್ದೆ. ಗೆರೆಗಳು ಒಂದೊಂದಾಗಿ ಬಿಡಿಸಿಕೊಂಡು ವಾಯವ್ಯಕ್ಕೆ ಹೊರಟವು. ತಿರುಗಲಿಲ್ಲ.

"ನಮ್ಮೂರ ಮೇಲೆ ಹೋಗ್ತಾವಾ?" ಎಂದು ಕಾಕಾ ಪಶುವೈದ್ಯೆಯನ್ನು ಕೇಳಿದರು.

"ಇಲ್ಲ ಕಾಕಾ. ಹೋಗೋ ದಾರಿ ಬೇರೆ. ಪಶ್ಚಿಮದ ಕಡೆ, ಅಫ್ಘಾನಿಸ್ತಾನದ ಬೆಟ್ಟ ದಾಟಿ ಹೋಗ್ತಾವೆ ಅಂತಾರೆ. ಇಳಿಯೋದು ಮಾತ್ರ ನಿಮ್ಮ ಕಡೆಯಿಂದ."

ಕಾಕಾ ತಲೆಯಾಡಿಸಿದರು. "ಹೌದು. ಇಳಿಯೋದನ್ನೇ ನಾವು ಕಂಡಿದ್ದು. ವಾಪಸ್ ಹತ್ತೋದನ್ನ ಯಾರೂ ಕಂಡಿಲ್ಲ." ಬೆರಳು ಮಡಚುತ್ತ, "ಹಾಗಾದರೆ ದಸರೆ ಹೊತ್ತಿಗೆ ಹೋಗ್ಬೇಕು" ಎಂದರು, ರಜೆಯ ಲೆಕ್ಕ ಹಾಕುವವರ ಹಾಗೆ.

ವ್ಯಾನಿನಲ್ಲಿ ಅವ್ವ ನನ್ನ ಭುಜಕ್ಕೆ ಒರಗಿಕೊಂಡಳು. "ಈಗ ಏನೂ ಇಲ್ಲ ನೋಡು" ಎಂದಳು. ಅಂದಿನಿಂದ ಅವಳಿಗೆ ಆ ಹಕ್ಕಿಗಳ ಸದ್ದೂ ಕೇಳಿಸಿಲ್ಲ.

ಮಳೆಗಾಲದಲ್ಲಿ ನನಗೆ ವಡೋದರಾಕ್ಕೆ ವರ್ಗವಾಯಿತು. ಹಳೆಯ ಬೀದಿಯಲ್ಲಿ ಎರಡನೆಯ ಮಹಡಿಯ ಮನೆ. ಸುತ್ತ ಜನ, ಕಾಲೇಜು ಹುಡುಗಿಯರ ಸ್ಕೂಟರುಗಳು. ಕಾಕಾ ಅಲ್ಲೇ ಉಳಿದರು. ದಸರೆ ಕಳೆದು ಒಂದು ವಾರಕ್ಕೆ ಬೆಳಿಗ್ಗೆ ಹತ್ತರ ಸುಮಾರಿಗೆ ಅವರ ವಿಡಿಯೋ ಕರೆ ಬಂತು. ಗಾಳಿಗೆ ಅವರ ಕೂದಲು ಹಾರುತ್ತಿತ್ತು. ಹಿಂದೆ ಬೂದು ಕಲ್ಲಿನ ಬಯಲು, ಅದರಾಚೆಗೆ ನೋಡಿದರೆ ಕಣ್ಣು ನೋಯುವಂಥ ಬಿಳುಪು.

"ಅಮ್ಮನಿಗೆ ಹೇಳಿದೆ ಮೇಡಂ" ಎಂದರು. "ಬಂದ ದಿನವೇ ಹೇಳಿದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ನಿನ್ನೆಯೂ ಇಲ್ಲ. ಇವತ್ತು ಬೆಳಿಗ್ಗೆ ಎಬ್ಬಿಸಿ, ಏಳು, ಹೊಳೆಗೆ ಹೋಗಿ ನೋಡಿ ಬರೋಣ ಅಂದಳು."

ಅವರು ಫೋನು ತಿರುಗಿಸಿದರು. ಬಂಡೆಯ ಮೇಲೆ ಒಬ್ಬ ಮುದುಕಿ ಕೂತಿದ್ದರು. ಚರ್ಮವೆಲ್ಲ ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟಿತ್ತು, ತಲೆಗೆ ಕೆಂಪು ಬಟ್ಟೆ. ಮೇಲೆ ಹಕ್ಕಿಗಳು ಏರುತ್ತಿದ್ದವು. ಫೋನಿನಲ್ಲಿ ಅವು ಧೂಳಿನ ಕಣದಷ್ಟೇ ಕಾಣುತ್ತಿದ್ದವು. ನಾನು ಫೋನನ್ನು ಅವ್ವನ ಕೈಗೆ ಕೊಟ್ಟೆ. ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿದರು. ಆ ಕಡೆಯವರು ಏನೋ ಹೇಳಿದರು, ಗಾಳಿಯಲ್ಲಿ ನನಗೇ ತಿಳಿಯಲಿಲ್ಲ. ಅವ್ವ ಫೋನನ್ನು ಮುಖದ ಹತ್ತಿರ ಹಿಡಿದುಕೊಂಡು, "ಉಂಡ್ರೇನವಾ? ಭಾಳ ಗಾಳಿ ಐತಿ ಅಲ್ಲೆ, ಕಿವಿಗಿ ಬಟ್ಟಿ ಕಟ್ಕೋರಿ" ಎಂದಳು.

ಆ ಮುದುಕಿ ತಲೆಯ ಬಟ್ಟೆಯನ್ನು ಎಳೆದು ಕಿವಿ ಮುಚ್ಚಿಕೊಂಡರು. ಅವರಿಗೆ ಕನ್ನಡ ಎಲ್ಲಿಂದ ತಿಳಿಯಬೇಕು? ಚಳಿಗೆ ಇರಬೇಕು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು, ಸಿಗ್ನಲ್ ಹೋಗಿತ್ತು.